ನೆಪವಿಲ್ಲದ ನಳಿಗೆ

"ಸವೆದಿರೋದು ನಿನ್ನ ಪಿಸ್ತೂಲಲ್ಲ ಆರ್ಡಿತ್, ನಿನ್ನ ಭುಜ," ಎಂದ ವೆಂಡೆಲ್, ಎಲ್ಲರೆದುರಿಗೇ.

ವೆಂಡೆಲ್ ನಮ್ಮ ಕ್ಲಬ್ಬಿನ ಗುರಿ ಮೈದಾನದ ಯಜಮಾನ. ಎರೀ ಸರೋವರದ ಗಾಳಿಗೆ ಸದಾ ಬಡಿದುಕೊಳ್ಳುವ ಆ ತಗಡಿನ ಚಪ್ಪರದಡಿ ನಾವು ಒಂದೇ ಕೈಯಲ್ಲಿ ಪಿಸ್ತೂಲು ಚಾಚಿ ಕಾಗದದ ಗುರಿಗೆ ಹೊಡೆಯುತ್ತೇವೆ. ಆರ್ಡಿತ್ ನಮ್ಮೆಲ್ಲರಿಗಿಂತ ಹಿರಿಯಳು. ನಾನು ಹುಟ್ಟುವ ಮುಂಚೆಯೇ ಒಹಾಯೊ ರಾಜ್ಯದ ಪಂದ್ಯವನ್ನೇ ಗೆದ್ದವಳು. ಈಗ ಅವಳ ಗುಂಡುಗಳು ಕಾಗದದ ತುಂಬ ಚೆಲ್ಲಾಪಿಲ್ಲಿ. ಹಿಂದೆ ಯಾರೋ ನಕ್ಕರು. ನನಗೆ ಮೈ ಉರಿದುಹೋಯಿತು.

"ನಳಿಗೆ ಸವೆದಿದೆ. ಹೊಸದು ನಾನು ಕೂರಿಸ್ತೀನಿ. ಆಮೇಲೆ ಬಾಯಿ ಬಿಡು," ಎಂದೆ ವೆಂಡೆಲ್‌ಗೆ.

"ಕೇಳ್ರಪ್ಪ, ಹತ್ತನೇ ಕ್ಲಾಸಿಗೇ ಶಾಲೆ ಬಿಟ್ಟು ಓಡಿದವನು ಪಾಠ ಮಾಡ್ತಾನೆ!"

ಹೌದು, ಓಡಿದೆ. ಓಡಿ ಬಂದೂಕು ರಿಪೇರಿ ಅಂಗಡಿಗೇ ಬಂದೆ. ಈಗ ಅದು ನನ್ನದೇ.

ಆರ್ಡಿತ್ ಪಿಸ್ತೂಲನ್ನು ನನ್ನ ಅಂಗಡಿಯ ಮೇಜಿನ ಮೇಲಿಟ್ಟು ಹೇಳಿದಳು: "ಹಾಕು ಮಗಾ. ಆದ್ರೆ ತಿಳ್ಕೋ, ಹೊಸ ನಳಿಗೆಯಲ್ಲೂ ಗುಂಡು ಚೆದುರಿದ್ರೆ ಹೋಗಿರೋದು ನನ್ನ ಕೈಯೇ. ಅವತ್ತೇ ಇದನ್ನ ಮಾರಿಬಿಡ್ತೀನಿ. ಇಷ್ಟು ದಿನ ಈ ಹಳೇದು ನನಗೊಂದು ನೆಪ ಆಗಿತ್ತು."

ನೆಪ. ನಮ್ಮ ಮೈದಾನದಲ್ಲಿ ಅದು ಕೂಗುವ ಮಾತು. ಐದು ಗುಂಡಿನ ಸುತ್ತಿನ ನಡುವೆ ಪಿಸ್ತೂಲು ಸಿಕ್ಕಿಹಾಕಿಕೊಂಡರೆ, ಅದನ್ನು ಮುಟ್ಟದೆ ಖಾಲಿ ಕೈ ಎತ್ತಿ "ನೆಪ!" ಎನ್ನಬೇಕು. ಹೊಡೆದದ್ದೆಲ್ಲ ಅಳಿಸಿ ಐದನ್ನೂ ಮತ್ತೆ ಹೊಡೆಯಲು ಬಿಡುತ್ತಾರೆ. ನೀನೇ ಸರಿಮಾಡಲು ಹೋದೆಯೋ, ಆ ಹಕ್ಕು ಹೋಯಿತು.

ಪ್ರತಿ ಗುಂಡಿಗೂ ಹಿಂದೆ ಸರಿದು ಮತ್ತೆ ಮುಚ್ಚಿಕೊಳ್ಳುವ ಮೇಲಿನ ಕವಚವಾದ ಸ್ಲೈಡು ಕಳಚಿ ಹಳೇ ನಳಿಗೆ ತೆಗೆದೆ. ಒಳಗಿನ ಸುರುಳಿ ಗೆರೆಗಳು ಬುಡದಲ್ಲಿ ಚೀಪಿದ ಮಿಠಾಯಿಯಂತೆ ನುಣುಪಾಗಿದ್ದವು. ಹೊಸದನ್ನು ಕಿಟಕಿಗೆ ಹಿಡಿದು ಕಣ್ಣಿಟ್ಟರೆ, ಬೆಳಕು ತಿರುಗುತ್ತ ತಿರುಗುತ್ತ ನನ್ನ ಕಡೆಗೇ ಬರುತ್ತಿತ್ತು. ಎಷ್ಟು ಸಲ ನೋಡಿದ್ದರೂ ಉಸಿರು ನಿಲ್ಲುತ್ತದೆ.

ಇಂಥ ನಳಿಗೆಯನ್ನು ಬೇಕೆಂದೇ ಅಳತೆಗಿಂತ ಕೂದಲೆಳೆಯಷ್ಟು ಹೆಚ್ಚು ದಪ್ಪ ಮಾಡಿರುತ್ತಾರೆ. ಮಸಿ ಬಳಿದು ಕೂರಿಸಬೇಕು, ತೆಗೆಯಬೇಕು, ಮಸಿ ಎಲ್ಲಿ ಉಜ್ಜಿಹೋಗಿದೆಯೋ ಅಲ್ಲಿ ಮಾತ್ರ ಅರ ಎಳೆಯಬೇಕು. ಒಂದು ಎಳೆತ ಹೆಚ್ಚಾದರೆ ಕಬ್ಬಿಣ ಮತ್ತೆ ಬೆಳೆಯುವುದಿಲ್ಲ. ಸಂಜೆಯ ಹೊತ್ತಿಗೆ ಸ್ಲೈಡು ಮುಚ್ಚಿತು. ಸದ್ದು ಅನ್ನುವಂಥದ್ದಲ್ಲ ಅದು. ಯಾರೋ ಮಾತು ಮುಗಿಸಿ ತುಟಿ ಕೂಡಿಸಿದ ಹಾಗೆ. ಅಲುಗಾಡಿಸಿದೆ. ಎರಡು ಕಬ್ಬಿಣ ಇಲ್ಲ, ಒಂದೇ. ಇನ್ನೊಮ್ಮೆ ಅರ ತಾಗಿಸಲು ಮನಸ್ಸೇ ಬರಲಿಲ್ಲ. ಬಿಗಿಯಾದಷ್ಟೂ ಗುರಿ ನಿಖರ ಎಂಬ ಸೊಕ್ಕು ನಮ್ಮ ಕಸುಬಿನವರಿಗೆಲ್ಲ ಇದ್ದದ್ದೇ.

ಶನಿವಾರದ ಪಂದ್ಯ. ಆರ್ಡಿತ್ ಕೈ ಚಾಚಿದಳು. ಅಡ್ಡ ನಿಂತಿದ್ದ ಗುರಿಗಳು ಸರ್ರನೆ ಇತ್ತ ತಿರುಗಿದವು; ಅವು ಮತ್ತೆ ತಿರುಗಿಕೊಳ್ಳುವ ಮೊದಲೇ ಐದೂ ಹೊಡೆಯಬೇಕು.

ಒಂದು. ಎರಡು. ಮೂರು. ನಾಲ್ಕು.

ನಾಲ್ಕನೆಯದರ ನಂತರ ಸ್ಲೈಡು ಪೂರ್ತಿ ಮುಚ್ಚಲಿಲ್ಲ. ನಾನು ಅರದಿಂದ ಎಳೆಯದೆ ಉಳಿಸಿದ ಆ ಒಂದು ಎಳೆತದಷ್ಟೇ ಸಂದು. ಪಿಸ್ತೂಲು ಸತ್ತುನಿಂತಿತು. ಕೈ ಎತ್ತು ಮಹಾತಾಯಿ, ಕೈ ಎತ್ತು! ವೆಂಡೆಲ್ ಕೂಡ ಅವಳ ಎಡಗೈಯನ್ನೇ ನೋಡುತ್ತಿದ್ದ.

ಎಡಗೈ ಬಂತು. ಮೇಲೆ ಹೋಗಲಿಲ್ಲ. ಹೆಬ್ಬೆರಳಿನಿಂದ ಸ್ಲೈಡನ್ನು ಹಿಂದಿನಿಂದ ಒತ್ತಿದಳು, ಮುಚ್ಚಿತು. ಐದನೆಯದು ಹಾರಿತು. ಗುರಿಗಳು ತಿರುಗಿಕೊಂಡವು.

ಎಲ್ಲರೂ ಕಾಗದದ ಹತ್ತಿರ ನಡೆದೆವು. ಅವಸರದ ಐದನೆಯ ಗುಂಡು ಅಂಚಿನತ್ತ ಸರಿದಿತ್ತು. ಉಳಿದ ನಾಲ್ಕೂ ನಟ್ಟನಡುವೆ, ಒಂದನ್ನೊಂದು ಕಚ್ಚಿಕೊಂಡು, ಒಂದೇ ತೂತು.

"ಹುಚ್ಚೀ, ನೆಪ ಅಂದಿದ್ರೆ ಐದೂ ಮತ್ತೆ ಹೊಡೀಬಹುದಿತ್ತಲ್ಲ!" ಎಂದ ವೆಂಡೆಲ್. ಅವನ ದನಿ ಇಳಿದುಹೋಗಿತ್ತು.

"ಅಂದಿದ್ರೆ ಈ ನಾಲ್ಕನ್ನ ಅಳಿಸಿಬಿಡ್ತಿದ್ರಿ. ಇವು ನನ್ನವು." ಆಮೇಲೆ ನನ್ನತ್ತ ತಿರುಗಿದಳು. "ಎಷ್ಟು ಬಿಗಿಯಾಗಿ ಕೂರಿಸಿದ್ದೀಯೋ ಕತ್ತೆ! ಸೋಮವಾರ ತರ್ತೀನಿ, ಸಡಿಲ ಮಾಡು. ಇನ್ನೂ ಪೂರ್ತಿ ಬೇಸಿಗೆ ಹೊಡೀಬೇಕು ನಾನು."

ಬೈಗುಳಗಳನ್ನು ಕೂಡಿಟ್ಟುಕೊಂಡಿದ್ದ ನಾನು ವೆಂಡೆಲ್‌ನತ್ತ ತಿರುಗಿದೆ. ಅವನು ಟೋಪಿ ತೆಗೆದಿದ್ದ. ನಾವಿಬ್ಬರೂ ಆ ತೂತನ್ನೇ ನೋಡುತ್ತ ನಿಂತೆವು. ಅದರಾಚೆ ಸರೋವರ ಹೊಳೆಯುತ್ತಿತ್ತು.