ಹನ್ನೊಂದನೇ ನಂಬರಿನ ಸೈಕಲ್

ಜಲಾಶಯದ ಸುತ್ತಲಿನ ಜಲ್ಲಿ ದಾರಿ ಹದಿನಾಲ್ಕು ಮೈಲಿ. ಮೊದಲ ಐದು ಮೈಲಿ ಕಾಡು, ಆಮೇಲೆ ಮರವೇ ಇಲ್ಲದ ಕುರುಚಲು ಬಯಲು, ಕೊನೆಗೆ ಮತ್ತೆ ಕಾಡು. ಕುಡಿಯುವ ನೀರಿಗೆ ಎಣ್ಣೆ, ಹೊಗೆ ತಾಗಬಾರದೆಂದು ಮೋಟಾರು ಇರುವ ಯಾವುದನ್ನೂ ಆ ದಾರಿಗೆ ಬಿಡುವುದಿಲ್ಲ. ನೀರಿನ ಇಲಾಖೆಯ ಸಾಹೇಬರೇ ಬಂದರೂ ಜೀಪು ಗೇಟಿನ ಹೊರಗೆ ನಿಲ್ಲಿಸಿ ಸೈಕಲ್ ಹತ್ತಬೇಕು. ಹಾಗೆ ಹತ್ತಿದ ಒಬ್ಬ ಸಾಹೇಬರು ಅರ್ಧ ಮೈಲಿಗೇ ಇಳಿದು, ತಪಾಸಣೆ ಮುಗಿಯಿತೆಂದು ಬರೆದು ಹೋದದ್ದನ್ನು ನಾನೇ ನೋಡಿದ್ದೇನೆ.

ಆ ದಾರಿಗೆ ಮೂವತ್ತೊಂದು ವರ್ಷ ಜಲ್ಲಿ ಹರಡಿದವನು ನಾನು. ಎಲ್ಲಿ ನೀರು ನಿಲ್ಲುತ್ತದೆ, ಎಲ್ಲಿ ಚಕ್ರ ಜಾರುತ್ತದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲೆ. ಇಲಾಖೆಯಿಂದ ನಿವೃತ್ತನಾದ ಮೇಲೆ ತಮ್ಮನ ಮಗಳ ಜೊತೆ ಸೇರಿಕೊಂಡೆ. ಗೇಟಿನ ಪಕ್ಕದ ಶೆಡ್ಡಿನಲ್ಲಿ ಅವಳದು ಬಾಡಿಗೆ ಸೈಕಲ್ ಅಂಗಡಿ. ತಮ್ಮ ಹೋದ ಮೇಲೆ ಅವಳಿಗೆ ನಾನು, ನನಗೆ ಅವಳು. ಊಟ, ನಿದ್ದೆ ಎಲ್ಲ ಅವಳ ಮನೆಯಲ್ಲೇ.

ಶೆಡ್ಡಿನ ಗೋಡೆಗೆ ಒಂದು ಹಲಗೆ. ಅದರಲ್ಲಿ ಎರಡು ಸಾಲು ಮೊಳೆ. ಪ್ರತಿ ಸೈಕಲ್ಲಿಗೂ ನಂಬರು ಕೊರೆದ ಒಂದು ತಗಡಿನ ಬಿಲ್ಲೆ. ಸೈಕಲ್ ಹೊರಗೆ ಹೋದರೆ ಬಿಲ್ಲೆ ಕೆಳಗಿನ ಮೊಳೆಗೆ, ಒಳಗೆ ಬಂದರೆ ಮೇಲಿನ ಮೊಳೆಗೆ. ಬಿಲ್ಲೆ ಹಾಕುವುದು ನನ್ನ ಕೆಲಸ. ಹಾಕಿ ನಂಬರು ಕೂಗುತ್ತಿದ್ದೆ, ಅವಳು ಗಡಿಯಾರ ನೋಡಿ ಪುಸ್ತಕದಲ್ಲಿ ಹೊತ್ತು ಬರೆಯುತ್ತಿದ್ದಳು. ನನಗೆ ಅಂಕಿ ಬರುತ್ತದೆ, ಅಕ್ಷರ ಅಷ್ಟಕ್ಕಷ್ಟೆ. ಸಂಜೆ ಬಿಲ್ಲೆಗಳೆಲ್ಲ ಮೇಲಿನ ಸಾಲಿನಲ್ಲಿದ್ದರೆ ಬಾಗಿಲಿಗೆ ಬೀಗ. ಲೆಕ್ಕ ಸೈಕಲ್ಲಿನದು. ಮನುಷ್ಯರದನ್ನು ನಾವು ಇಟ್ಟಿರಲಿಲ್ಲ.

ಇನ್ನೊಂದು ವಿಷಯ. ಬಯಲು ದಾಟುವಾಗ ಎದುರುಗಾಳಿ. ತುಂಬ ಜನ ಅಲ್ಲಿಗೇ ಸುಸ್ತಾಗಿ, ಸೈಕಲ್ಲನ್ನು ದಾರಿಯ ಪಕ್ಕ ನಿಲ್ಲಿಸಿ, ಕಾಲುದಾರಿ ಹಿಡಿದು ಆಚೆಯ ಬಸ್ ನಿಲ್ದಾಣಕ್ಕೆ ನಡೆದುಬಿಡುತ್ತಿದ್ದರು. ವಾರಕ್ಕೆ ಮೂರು ನಾಲ್ಕು ಹಾಗೆ ಅನಾಥವಾಗಿ ನಿಂತಿರುತ್ತಿದ್ದವು. ಮಧ್ಯಾಹ್ನದ ಮೇಲೆ ನಾನು ಮೂರು ಗಾಲಿಯ ತುಳಿಯುವ ಗಾಡಿಯಲ್ಲಿ ಒಂದು ಸುತ್ತು ಹೋಗಿ ಅವನ್ನು ಹೇರಿಕೊಂಡು ಬರುತ್ತಿದ್ದೆ. ಜೊತೆಗೆ ಅವರು ಮರೆತ ಕೊಡೆ, ಟೋಪಿ, ಚೀಲ. ಒಮ್ಮೆ ಒಂದು ಜೊತೆ ಕಟ್ಟಿಸಿದ ಹಲ್ಲು ಕೂಡ ಸಿಕ್ಕಿತ್ತು. ಎಲ್ಲ ಒಂದು ಮರದ ಪೆಟ್ಟಿಗೆಯಲ್ಲಿ ಬಿದ್ದಿರುತ್ತಿತ್ತು. ಕೇಳಿಕೊಂಡು ಬಂದವರಿಗೆ ಕೊಡುತ್ತಿದ್ದೆವು. ಯಾರದನ್ನೂ ಬಿಚ್ಚಿ ನೋಡುವ ಪದ್ಧತಿ ಇರಲಿಲ್ಲ.

ಹೊಲಿಗೆ ಮಿಷನ್ ರಿಪೇರಿ ಮಾಡುವ ಒಬ್ಬರು ಪ್ರತಿ ಮಂಗಳವಾರ ಬರುತ್ತಿದ್ದರು. ಐವತ್ತೈದರ ಆಸುಪಾಸು, ಸಣಕಲು ಆಳು, ಮಾತು ಕಮ್ಮಿ. ಅವರಿಗೆ ಹನ್ನೊಂದನೇ ನಂಬರೇ ಆಗಬೇಕು. ಆ ಮಂಗಳವಾರ ಎರಡು ಗಂಟೆಗೆ ಬಂದು, ಚೈನಿಗೆ ತಾವೇ ಎಣ್ಣೆ ಬಿಟ್ಟುಕೊಂಡು ಹೋದರು. ಮೂರಕ್ಕೆ ನಾನು ಗಾಡಿ ತೆಗೆದೆ. ಬಯಲಿನ ನಡುವೆ ಹನ್ನೊಂದನೇ ನಂಬರು ಸ್ಟ್ಯಾಂಡ್ ಹಾಕಿ ನಿಂತಿತ್ತು. ಹ್ಯಾಂಡಲಿಗೆ ಒಂದು ಬಟ್ಟೆಯ ಚೀಲ. ಇವರೂ ಬಸ್ಸು ಹಿಡಿದರು ಅಂದುಕೊಂಡೆ. ಗಾಡಿಗೆ ಹತ್ತಿಸಿದೆ, ತಂದೆ, ಚೀಲವನ್ನು ಪೆಟ್ಟಿಗೆಗೆ ಹಾಕಿದೆ, ಬಿಲ್ಲೆಯನ್ನು ಮೇಲಿನ ಮೊಳೆಗೆ ಸಿಕ್ಕಿಸಿದೆ.

"ಹನ್ನೊಂದು ಒಳಗೆ," ಎಂದು ಕೂಗಿದೆ. ಪಂಕ್ಚರ್ ಹಾಕುತ್ತಿದ್ದ ತಮ್ಮನ ಮಗಳು ಕೈ ಒರೆಸಿಕೊಂಡು ಎದ್ದು, ಐದು ಗಂಟೆ ಹತ್ತು ನಿಮಿಷ ಎಂದು ಬರೆದಳು.

ಆರೂವರೆಗೆ ಆತನ ಹೆಂಡತಿ ಫೋನು ಮಾಡಿದರಂತೆ. ನನ್ನ ತಮ್ಮನ ಮಗಳು ಪುಸ್ತಕ ನೋಡಿ, "ಸೈಕಲ್ ಐದು ಹತ್ತಕ್ಕೇ ಬಂದಿದೆಯಲ್ಲಮ್ಮ, ಅವರು ಆವಾಗ್ಲೇ ಹೊರಟಿರ್ತಾರೆ," ಎಂದಳು. ಆಕೆ ಫೋನು ಇಟ್ಟರು. ಗಂಡ ಹೆಂಡತಿಗೆ ಅವತ್ತು ಮಧ್ಯಾಹ್ನ ಮಾತಿಗೆ ಮಾತು ಬೆಳೆದಿತ್ತು. ಸಿಟ್ಟು ಬಂದರೆ ಅಕ್ಕನ ಮನೆಗೆ ಹೋಗಿ ಒಂದು ರಾತ್ರಿ ಇದ್ದು ಬರುವುದು ಆತನ ಅಭ್ಯಾಸ. ಮಾರನೆಯ ಮಧ್ಯಾಹ್ನ ಅಕ್ಕನನ್ನು ಕೇಳಿದಾಗ, ಬಂದೇ ಇಲ್ಲ ಎಂದು ತಿಳಿಯಿತು. ಪೊಲೀಸರು ಶೆಡ್ಡಿಗೆ ಬಂದರು, ಪುಸ್ತಕ ನೋಡಿದರು, ಹೋದರು. ಬಸ್ ನಿಲ್ದಾಣ, ರೈಲು ನಿಲ್ದಾಣ, ಆಸ್ಪತ್ರೆ ಎಲ್ಲ ಹುಡುಕಿದರು. ಬಯಲಿನ ಕಡೆ ಒಬ್ಬರೂ ತಲೆ ಹಾಕಲಿಲ್ಲ. ಅಲ್ಲಿಂದ ವಾಪಸ್ ಬಂದವರನ್ನು ಅಲ್ಲಿ ಯಾಕೆ ಹುಡುಕಬೇಕು?

ಪೊಲೀಸರು ಬಂದಾಗ ನಾನು ದಾರಿಯ ಆಚೆ ತುದಿಯಲ್ಲಿ ಹಳೆಯ ಅಭ್ಯಾಸಕ್ಕೆ ಕೊಚ್ಚಿಹೋದ ಜಲ್ಲಿ ಎಳೆಯುತ್ತಿದ್ದೆ. ಸಂಜೆ ಊಟಕ್ಕೆ ಕೂತಾಗ ಅವಳು ವಿಷಯ ಹೇಳಿದಳು.

"ಆ ಸೈಕಲ್ ನಾನಲ್ವೇನೇ ತಂದಿದ್ದು?" ಎಂದೆ.

"ಯಾರು ತಂದ್ರೇನು ದೊಡ್ಡಪ್ಪ, ಬಂತಲ್ಲ. ಬಸ್ಸಿಗೆ ಹೋಗಿರ್ತಾರೆ ಬಿಡಿ."

ಬೆಳಗಾಗುತ್ತಲೇ ಗಾಡಿ ತುಳಿದುಕೊಂಡು ಬಯಲಿಗೆ ಹೊರಟೆ. ಅರ್ಧ ದಾರಿಯಲ್ಲಿ ಇಬ್ಬರು ಸೈಕಲ್ ಸವಾರರು ಮುಖ ಬಿಳಿಚಿಕೊಂಡು ಎದುರಾದರು. ನಾನು ಕೇಳುವ ಮೊದಲೇ, ಬಯಲಿನ ಗುಂಡಿಯಲ್ಲಿ ಒಂದು ಹೆಣ ಇದೆ ಎಂದರು.

ಕಟ್ಟೆ ಕಟ್ಟುವಾಗ ಕಲ್ಲು ತೆಗೆದ ಹಳೆಯ ಗುಂಡಿ ಅದು, ದಾರಿಯಿಂದ ಮೂವತ್ತು ಮಾರು ದೂರ. ಮೇಲೆಲ್ಲ ಕುರುಚಲು ಮುಚ್ಚಿಕೊಂಡಿದೆ. ಮೂತ್ರಕ್ಕೆಂದು ಹೋದವರು ಕಾಲು ಜಾರಿ ಬಿದ್ದಿರಬೇಕು. ಸೊಂಟ ಮುರಿದಿತ್ತು. ಮಂಗಳವಾರ ಇಡೀ ರಾತ್ರಿ ಜೀವವಿತ್ತು, ಬುಧವಾರ ಬೆಳಕು ಹರಿದ ಮೇಲೆ ಹೋಗಿದೆ ಎಂದು ಡಾಕ್ಟರು ಹೇಳಿದರು.

ಇಲಾಖೆಯಿಂದ ವಿಚಾರಣೆಗೆ ಒಬ್ಬ ಅಧಿಕಾರಿ ಬಂದರು. ಪುಸ್ತಕದ ಆ ಸಾಲಿನ ಮೇಲೆ ಬೆರಳಿಟ್ಟು, "ಹನ್ನೊಂದನೇ ನಂಬರು ಅವತ್ತು ಸಂಜೆ ವಾಪಸ್ ಬಂದಿತ್ತಾ?" ಎಂದು ನನ್ನನ್ನು ಕೇಳಿದರು.

"ಬಂದಿತ್ತು," ಎಂದೆ.

ಅವರು ಬರೆದುಕೊಂಡರು. ಯಾರು ತಂದರು ಎಂದು ಕೇಳಲಿಲ್ಲ. ನಾನು ಹೇಳಲಿಲ್ಲ. ತಮ್ಮನ ಮಗಳು ಗೋಡೆಯ ಕಡೆ ನೋಡುತ್ತಿದ್ದಳು. ಆ ವ್ಯಕ್ತಿ ಸೈಕಲ್ ಒಪ್ಪಿಸಿ, ಮತ್ತೆ ಏಳು ಮೈಲಿ ನಡೆದುಕೊಂಡು ಬಯಲಿಗೆ ಹೋಗಿ, ಗುಂಡಿಗೆ ಬಿದ್ದರು ಎಂದು ವರದಿಯಲ್ಲಿ ಬಂತು. ಮುಸ್ಸಂಜೆಯಲ್ಲಿ ಏಳು ಮೈಲಿ ಯಾರಾದರೂ ಸುಮ್ಮನೆ ನಡೆಯುತ್ತಾರೆಯೇ? ಬೇಕೆಂದೇ ಹೋಗಿದ್ದಾರೆ ಎಂದು ಜನ ತೀರ್ಮಾನ ಮಾಡಿದರು.

ಹದಿನೈದು ದಿನ ಕಳೆದ ಮೇಲೆ ಆತನ ಹೆಂಡತಿ ಶೆಡ್ಡಿಗೆ ಬಂದರು. ಬಟ್ಟೆ ಹೊಲಿಯುವವರು, ಕುತ್ತಿಗೆಯಲ್ಲಿ ಅಳತೆ ಪಟ್ಟಿ ಹಾಗೇ ಇತ್ತು, ತೆಗೆಯುವುದು ಮರೆತಿತ್ತೇನೋ. ಸ್ಟೂಲು ಕೊಟ್ಟರೆ ಕೂರಲಿಲ್ಲ.

"ಒಂದು ಮಾತು ಕೇಳ್ಕೊಂಡು ಹೋಗೋಣ ಅಂತ ಬಂದೆ. ಅವತ್ತು ಸೈಕಲ್ ವಾಪಸ್ ಕೊಡುವಾಗ ಅವರ ಮುಖ ಹೇಗಿತ್ತು?"

ನಾನು ಬಾಯಿ ತೆರೆಯುವ ಮೊದಲೇ ತಮ್ಮನ ಮಗಳು, "ಚೆನ್ನಾಗೇ ಇದ್ರು ಅಕ್ಕ. ಏನೂ ಗೊತ್ತಾಗ್ಲಿಲ್ಲ," ಎಂದಳು.

"ಏನಾದ್ರೂ ಅಂದ್ರಾ?"

"ಇಲ್ಲ. ಸುಮ್ನೆ ತಲೆ ಆಡಿಸಿ ಹೋದ್ರು."

"ಹೌದು, ಸಿಟ್ಟಲ್ಲಿದ್ರೆ ಹಾಗೇ ತಲೆ ಆಡಿಸ್ತಾರೆ," ಎಂದರು ಆಕೆ. ಸ್ವಲ್ಪ ಹೊತ್ತು ಹಲಗೆಯ ಬಿಲ್ಲೆಗಳನ್ನೇ ನೋಡಿದರು. "ನನ್ನ ಮಿಷನ್ ಬಿಚ್ಚಿ ಹರಡಿ ಹಾಗೇ ಸೈಕಲ್ಲಿಗೆ ಹೊರಟಿದ್ರು. ನಲವತ್ತು ಯೂನಿಫಾರಂ ಕೊಡಬೇಕಿತ್ತು ನಾನು. ಹೋಗಿ, ಹಾಗೇ ಹೋಗಿಬಿಡಿ, ತಿರುಗಿ ಬರಬೇಡಿ ಅಂದೆ. ಇಪ್ಪತ್ತೆಂಟು ವರ್ಷದಲ್ಲಿ ನನ್ನ ಒಂದು ಮಾತನ್ನೂ ಕೇಳಿದವರಲ್ಲ. ಇದೊಂದನ್ನ ಕೇಳಿಬಿಟ್ರು."

ಆಕೆ ಹೋದ ಮೇಲೆ ನಾನು ತಮ್ಮನ ಮಗಳ ಕಡೆ ತಿರುಗಿದೆ.

"ನನ್ನನ್ನ ಹಾಗೆ ನೋಡಬೇಡಿ ದೊಡ್ಡಪ್ಪ," ಎಂದಳು ತಮ್ಮನ ಮಗಳು.

"ಆಯಮ್ಮ ತನ್ನ ಬಾಯಿಂದಲೇ ಗಂಡ ಸತ್ತ ಅಂತ ತಿಳ್ಕೊಂಡಿದಾಳೆ ಕಣೇ."

"ಹೇಳಿದ್ರೆ ಅವರು ಎದ್ದು ಬರ್ತಾರಾ? ಶೆಡ್ಡು ಮುಚ್ಚಿಸ್ತಾರೆ, ಅಷ್ಟೇ. ಆಮೇಲೆ ನಾವಿಬ್ಬರೂ ಏನು ಜಲ್ಲಿ ತಿನ್ನೋದಾ?"

"ಮೂವತ್ತೊಂದು ವರ್ಷ ಅದನ್ನೇ ತಿಂದಿದೀನಿ."

"ತಮಾಷೆ ಬೇಡ. ಬಿಲ್ಲೆ ಹಾಕಿದ್ದು ನೀವು. ಬರೆದದ್ದು ನಾನು. ಹೆಸರು ಬರೋದು ನಂದು."

ಅವಳ ಮಾತು ಸುಳ್ಳಲ್ಲ. ಎರಡು ದಿನ ತಡೆದೆ. ಮೂರನೆಯ ದಿನ ಪೆಟ್ಟಿಗೆಯಿಂದ ಆ ಬಟ್ಟೆಯ ಚೀಲ ತೆಗೆದುಕೊಂಡು ಆಕೆಯ ಅಂಗಡಿಗೆ ಹೋದೆ. ತಮ್ಮನ ಮಗಳಿಗೆ ಹೇಳಿಯೇ ಹೋದೆ. ಅವಳು ತಲೆ ಎತ್ತಲಿಲ್ಲ.

ಚಿಕ್ಕ ಅಂಗಡಿ, ಒಂದೇ ಕಿಟಕಿ. ಮೂಲೆಯಲ್ಲಿ ಒಂದು ಮಿಷನ್ನಿನ ಭಾಗಗಳು ಹಳೆಯ ಪೇಪರಿನ ಮೇಲೆ ಹರಡಿದಂತೆಯೇ ಇದ್ದವು. ಆಕೆ ಬಾಡಿಗೆಯ ಮಿಷನ್ನಿನಲ್ಲಿ ಹೊಲಿಯುತ್ತಿದ್ದರು. ಚೀಲವನ್ನು ಮೇಜಿನ ಮೇಲಿಟ್ಟೆ. ಆಕೆ ಗುರುತು ಹಿಡಿದರು, ಆದರೆ ಮುಟ್ಟಲಿಲ್ಲ.

"ಅವರು ಸೈಕಲ್ ವಾಪಸ್ ಕೊಡಲಿಲ್ಲಮ್ಮ," ಎಂದೆ. "ಬಯಲಲ್ಲಿ ನಿಂತಿದ್ದ ಸೈಕಲ್ಲನ್ನ ನಾನು ಹೇರಿಕೊಂಡು ಬಂದೆ. ಬಿಟ್ಟು ಹೋಗಿದಾರೆ ಅಂದ್ಕೊಂಡೆ. ಬಿಲ್ಲೆ ನಾನು ಹಾಕಿದ್ದು. ಅವರ ಮುಖ ನಾವ್ಯಾರೂ ನೋಡಿಲ್ಲ."

ಆಕೆ ಮಿಷನ್ನಿನ ಚಕ್ರದಿಂದ ಕೈ ತೆಗೆದರು. ಚೀಲ ಎಳೆದುಕೊಂಡು ಊಟದ ಡಬ್ಬಿ ತೆಗೆದರು.

"ತೆರೀಬೇಡಿ ಅಮ್ಮ. ತುಂಬ ದಿನ ಆಯ್ತು."

ತೆರೆದರು. ನಾತ ಅಂಗಡಿಯನ್ನೆಲ್ಲ ತುಂಬಿತು. ಆಕೆ ಮೂಗು ಮುಚ್ಚಿಕೊಳ್ಳಲಿಲ್ಲ. "ಮುಟ್ಟಿಲ್ಲ," ಎಂದರು. "ನೀರು ಕಾಣೋ ಜಾಗದಲ್ಲಿ ಕೂತು ತಿಂತೀನಿ ಅಂತಿದ್ರು ಯಾವಾಗಲೂ. ತಿನ್ನೋಕೆ ಮುಂಚೆ ಒಂದಕ್ಕೆ ಹೋಗಿಬರೋಣ ಅಂತ ಹೋಗಿದಾರೆ. ಅಷ್ಟು ದೂರ ಹೋಗೋದ್ಯಾಕೆ? ನರಪಿಳ್ಳೆ ಇಲ್ಲದ ಜಾಗ. ಮನೇಲೇ ಬಚ್ಚಲ ಚಿಲಕ ಎರಡೆರಡು ಸಲ ನೋಡೋ ಮನುಷ್ಯ."

ನಗು ಬಂದಂತಾಯಿತು ಆಕೆಗೆ, ಅದು ಅರ್ಧಕ್ಕೇ ಅಳುವಾಯಿತು. ನಾನು ಕಿಟಕಿಯ ಕಡೆ ತಿರುಗಿ ನಿಂತೆ.

ಆಮೇಲೆ ಆಕೆ ಕಣ್ಣೊರೆಸಿಕೊಂಡು ಅಳತೆ ಬರೆಯುವ ಪುಸ್ತಕದ ಒಂದು ಹಾಳೆ ಹರಿದರು. ನಾನು ಹೇಳಿದ್ದನ್ನೆಲ್ಲ ಬರೆದು ಓದಿದರು. ಸೈಕಲ್ ಬಿದ್ದಿತ್ತು ಎಂದು ಬರೆದಿದ್ದರು. ಬಿದ್ದಿರಲಿಲ್ಲ, ಸ್ಟ್ಯಾಂಡ್ ಹಾಕಿತ್ತು ಎಂದೆ. ಹೊಡೆದು ತಿದ್ದಿದರು. ನಾನು ನಿಧಾನವಾಗಿ ನನ್ನ ಹೆಸರು ಕೂಡಿಸಿ ಬರೆದೆ. ಅಂಗಡಿಯ ಬಾಗಿಲು ಎಳೆದು ಆಕೆ ಮುಂದೆ, ನಾನು ಹಿಂದೆ, ಅಧಿಕಾರಿಯ ಕಚೇರಿಗೆ ಹೋದೆವು.

ಒಂದು ವಾರದೊಳಗೆ ಶೆಡ್ಡಿನ ಪರವಾನಗಿ ರದ್ದಾಯಿತು. ತಮ್ಮನ ಮಗಳು ಈಗ ಆಸ್ಪತ್ರೆಯೊಂದರಲ್ಲಿ ಬಟ್ಟೆ ಒಗೆಯುವ ಕೆಲಸಕ್ಕೆ ಹೋಗುತ್ತಾಳೆ. ನನಗೆ ಅಡುಗೆ ಮಾಡಿ ಮುಚ್ಚಿಟ್ಟು ಹೋಗುತ್ತಾಳೆ. ಬಡಿಸುವುದಿಲ್ಲ.

ಚಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಆತನ ಹೆಂಡತಿ ನಮ್ಮ ಮನೆಯ ಬಾಗಿಲಿಗೆ ಬಂದರು.

"ಆ ಜಾಗ ತೋರಿಸ್ತೀರಾ? ನಿಮ್ಮ ಗಾಡಿಯನ್ನೂ ತಗೊಂಡು ಬನ್ನಿ."

ಗಾಡಿಗೆ ಯಾಕೆ ಎಂದು ನಾನು ಕೇಳಲಿಲ್ಲ. ಕಾಡಿನ ದಾರಿಯುದ್ದಕ್ಕೂ ನಾನು ಗಾಡಿ ತಳ್ಳಿಕೊಂಡು, ಆಕೆ ಪಕ್ಕದಲ್ಲಿ ನಡೆದುಕೊಂಡು ಹೋದೆವು. ಬಯಲಿಗೆ ಬರುವಾಗ ಹೊತ್ತು ನೆತ್ತಿಗೆ ಬಂದಿತ್ತು. ಗುಂಡಿಗೆ ಈಗ ಸುತ್ತ ತಂತಿ ಎಳೆದಿದ್ದರು. ಆಕೆ ತಂತಿಯ ಕೆಳಗೆ ನುಸುಳಿ ಅಂಚಿನ ಕಲ್ಲಿನ ಮೇಲೆ ಕೂತರು.

"ನೀವು ಅವತ್ತು ಹೇಗೆ ಬಂದ್ರೋ ಹಾಗೇ ಗಾಡಿ ಓಡಿಸ್ಕೊಂಡು ಬನ್ನಿ. ನಾನು ಇಲ್ಲಿಂದ ಕೂಗ್ತೀನಿ. ಕೇಳುತ್ತಾ ಇಲ್ವಾ ಅಂತ ಗೊತ್ತಾಗಬೇಕು ನನಗೆ."

ನಾನು ಹಿಂದಕ್ಕೆ ಹೋಗಿ ತಿರುಗಿಸಿಕೊಂಡು ತುಳಿದೆ. ಜಲ್ಲಿಯ ಮೇಲೆ ಮೂರು ಗಾಲಿಯ ಸದ್ದು ಮಳೆ ಹೊಯ್ದ ಹಾಗೆ. ಆಕೆಯ ಬಾಯಿ ತೆರೆದು ಮುಚ್ಚುವುದು ಕಾಣುತ್ತಿತ್ತು, ಏನೂ ಕೇಳುತ್ತಿರಲಿಲ್ಲ. ಸೈಕಲ್ ನಿಂತಿದ್ದ ಜಾಗದಲ್ಲಿ ಗಾಡಿ ನಿಲ್ಲಿಸಿದೆ. ಆಗ ಕೇಳಿತು. "ರೀ," ಎಂದು ಕೂಗುತ್ತಿದ್ದರು. ಅಡುಗೆಮನೆಯಿಂದ ನಡುಮನೆಗೆ ಕರೆದಷ್ಟು ಸ್ಪಷ್ಟವಾಗಿ. "ರೀ. ಇಲ್ಲಿದೀನಿ ರೀ."

ಆಕೆ ಎದ್ದು ದಾರಿಗೆ ಬಂದರು. "ಕೇಳಿತಾ?"

"ಓಡುವಾಗ ಇಲ್ಲ. ನಿಂತಾಗ ಕೇಳಿತು."

"ಅವತ್ತು ಸೈಕಲ್ ಹತ್ತಿಸೋಕೆ ನಿಂತಿದ್ರಲ್ಲ. ಎಷ್ಟು ಹೊತ್ತು?"

"ಐದು ನಿಮಿಷ ಆಗಿರಬಹುದು. ಹಗ್ಗ ಬಿಗಿಬೇಕಿತ್ತು."

"ಆವಾಗ ಏನೂ ಕೇಳಿಸ್ಲಿಲ್ವಾ?"

ಪ್ರಜ್ಞೆ ತಪ್ಪಿತ್ತೇನೋ ಎಂದು ಹೇಳಬಹುದಿತ್ತು. ಡಾಕ್ಟರೂ ಹಾಗೆಂದಿದ್ದರು, ಇರಬಹುದು ಎಂದು. ಬಾಯಿಯ ತನಕ ಬಂದದ್ದನ್ನು ನುಂಗಿದೆ.

"ನಾನು ಬೈತಾ ಇದ್ದೆ ಅಮ್ಮ," ಎಂದೆ. "ಸೈಕಲ್ ಬಿಟ್ಟು ಹೋದವರನ್ನ. ಒಬ್ಬನೇ ಇದ್ದೆನಲ್ಲ, ಗಟ್ಟಿಯಾಗಿ ಬೈತಾ ಇದ್ದೆ. ಹಗ್ಗ ಕಟ್ಟಿ ಮುಗಿಯೋ ತನಕ."

ಆಕೆ ನನ್ನ ಮುಖವನ್ನು ನೋಡಿದರು. ಬೈಯಲಿಲ್ಲ, ಅಳಲಿಲ್ಲ. ಸೀರೆಗೆ ಅಂಟಿದ್ದ ಮುಳ್ಳುಗಳನ್ನು ಒಂದೊಂದಾಗಿ ಕಿತ್ತು ಹಾಕಿದರು. ಆಮೇಲೆ, "ಅವರಿಗೆ ಕೇಳಿಸಿರುತ್ತೆ," ಎಂದು ಹೇಳಿ, ಬಂದ ದಾರಿಯಲ್ಲಿ ಒಬ್ಬರೇ ನಡೆಯತೊಡಗಿದರು. ಗಾಡಿ ಸದ್ದು ಮಾಡಬಾರದೆಂದು, ಆಕೆ ಕಾಡು ಸೇರುವ ತನಕ ನಾನು ಅಲ್ಲೇ ಹಿಡಿದುಕೊಂಡು ನಿಂತಿದ್ದೆ.