ಬೈದರೆ ಹೋಗುವವಳಲ್ಲ

ನನ್ನ ಬಾಯಿ ಕೆಟ್ಟದ್ದು. ಇದನ್ನು ನಾನೇ ಹೇಳಿಬಿಡುತ್ತೇನೆ. ನಾನು ಹೇಳದಿದ್ದರೆ ಸಿದ್ದಾಪುರದ ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ ಕರೆದು ಹೇಳುತ್ತಾರೆ, ಅದೂ ಕೈಕಾಲು ಸೇರಿಸಿ. ಹುಟ್ಟಿದ್ದು ಕೊಡ್ಲಿಪೇಟೆ ಕಡೆ. ಮದುವೆಯಾಗಿ ಇಲ್ಲಿಗೆ ಬಂದೆ. ಗಂಡ ಸತ್ತ ಮೇಲೆ ಎಸ್ಟೇಟಿನಲ್ಲಿ ಹೆಣ್ಣಾಳುಗಳ ಮೇಸ್ತ್ರಿಯಾದೆ. ಕಾಫಿ ಗಿಡಗಳ ನಡುವೆ ಹೊಕ್ಕರೆ ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ, ಎಲ್ಲ ಬಾಯಲ್ಲೇ ನಡೆಯಬೇಕು. ಹಸಿರು ಕಾಯಿ ಕಿತ್ತವಳಿಗೆ ಬೈಗುಳ, ಗಿಡದ ರೆಕ್ಕೆ, ಅಂದರೆ ಅಡ್ಡರೆಂಬೆ, ಮುರಿದವಳಿಗೆ ಬೈಗುಳ, ನೆಲಕ್ಕೆ ಹಣ್ಣು ಚೆಲ್ಲಿ ಮಣ್ಣು ಮುಚ್ಚಿದವಳಿಗಂತೂ ಅವಳ ಅಜ್ಜಿಯ ಕಾಲದಿಂದ ಹಿಡಿದು ಬೈಗುಳ. ಆನೆಗೂ ಬೈದಿದ್ದೇನೆ. ಬಿದಿರುಮೆಳೆಯ ಹಿಂದೆ ಒಂಟಿ ಸಲಗ ನಿಂತಿದ್ದಾಗ ಹೆಂಗಸರೆಲ್ಲ ಚೀಲ ಬಿಸಾಕಿ ಓಡಿದರು. ನನಗೆ ಮಂಡಿನೋವು, ಓಡಲಾಗಲಿಲ್ಲ. "ನಿನ್ ಮನೆ ಹಾಳಾಗ, ನಿಮ್ಮಪ್ಪ ನೆಟ್ಟ ತೋಟವೇನ್ಲಾ ಇದು?" ಎಂದು ಶುರುಮಾಡಿದೆ. ಅದು ಕಿವಿ ಬೀಸಿಕೊಂಡು ಹೋಯಿತು. ಹೆದರಿ ಹೋಯಿತೋ, ಮರ್ಯಾದೆಗೆ ಅಂಜಿ ಹೋಯಿತೋ, ಅದನ್ನೇ ಕೇಳಬೇಕು.

ಹಾಗೆಂದು ನಾನು ಹೊತ್ತುಗೊತ್ತಿಲ್ಲದೆ ಬೈಯುವವಳಲ್ಲ. ಉಣ್ಣುವವರನ್ನು ಬೈಯುವುದಿಲ್ಲ. ಬಸುರಿಯನ್ನು ಬೈಯುವುದಿಲ್ಲ. ದೀಪ ಹಚ್ಚುವ ಹೊತ್ತಿನಲ್ಲಿ ಬಾಯಿ ಮುಚ್ಚಿಕೊಳ್ಳುತ್ತೇನೆ, ಆಗ ಮೇಲಿನವರು ತಥಾಸ್ತು ಅನ್ನುತ್ತಾರೆ ಎಂದು ನಮ್ಮವ್ವ ಹೆದರಿಸಿದ್ದು ಈಗಲೂ ಮೈಯಲ್ಲಿದೆ. ಬೈದು ಹೇಳುವವರು ಬದುಕಲಿಕ್ಕೆ ಹೇಳುತ್ತಾರೆ, ನಗುತ್ತ ಹೇಳುವವರು ಕೆಡಲಿಕ್ಕೆ ಹೇಳುತ್ತಾರೆ ಎಂಬ ಗಾದೆಯನ್ನು ಯಾರು ಮಾಡಿದರೋ, ಅವರ ಕಾಲಿಗೆ ಬೀಳುತ್ತೇನೆ. ನಮ್ಮ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು ಎಲ್ಲರನ್ನೂ ಅಮ್ಮಾ ತಾಯೀ ಎಂದೇ ಮಾತಾಡಿಸುತ್ತಾನೆ. ಯಾರಾದರೂ ಅವನನ್ನು ನಂಬಿದ್ದುಂಟೇ?

ನನಗೆ ಒಬ್ಬಳೇ ಮಗಳು, ಪವಿತ್ರಾ. ಅವಳೂ ನನ್ನ ಗುಂಪಿನಲ್ಲೇ ಹಣ್ಣು ಕೀಳುವ ಪಿಕಿಂಗ್ ಮಾಡುತ್ತಿದ್ದಳು. ನಾವಿಬ್ಬರೂ ಸೌಮ್ಯವಾಗಿ ಮಾತಾಡಿದ್ದು ಆಳುಮನೆಗಳ ಲೈನಿನಲ್ಲಿ ಯಾರೂ ಕೇಳಿಲ್ಲ. "ಎದ್ದೇಳೆ ಮುಂಡೇದೆ, ಬಿಸಿಲು ಹತ್ತಿತು" ಎಂದು ನಾನು ಎಬ್ಬಿಸಿದರೆ, "ಬೆಳಿಗ್ಗೇನೇ ನಿನ್ ಬಾಯಿಗೆ ಯಾವ ದೆವ್ವ ಹೊಕ್ಕೈತೆ?" ಎಂದು ಅವಳು ಕಂಬಳಿಯೊಳಗಿಂದಲೇ ಕೊಡುತ್ತಿದ್ದಳು. ಅವಳ ಗಂಡ ಧರ್ಮೇಂದ್ರ ತರಕಾರಿ ಗಾಡಿ ಓಡಿಸುತ್ತಾನೆ, ಮಾಕುಟ್ಟದ ಘಾಟಿ ಇಳಿದು ಕೇರಳಕ್ಕೆ ಹೋಗಿ ಬರುವುದರಲ್ಲೇ ಅವನ ವಾರ ಮುಗಿಯುತ್ತದೆ. ಮದುವೆಯಾದ ಹೊಸತರಲ್ಲಿ ಅವನು ನಮ್ಮ ಜಗಳ ಬಿಡಿಸಲು ಬಂದು ಇಬ್ಬರಿಂದಲೂ ಬೈಗುಳ ತಿಂದ. ಆಮೇಲೆ ಪಾಪ, ಅದು ಜಗಳವಲ್ಲ ಎಂದು ಅವನಿಗೆ ಗೊತ್ತಾಯಿತು.

ಹೋದ ಮಳೆಗಾಲದಲ್ಲಿ ಪವಿತ್ರಾಳಿಗೆ ಕಾಮಾಲೆ ಬಂತು. ಕಣ್ಣು ಹಳದಿಯಾದದ್ದು ಕಂಡ ಮೇಲೆ ಎಲ್ಲ ಮಾಡಿದೆವು, ಉಳಿಯಲಿಲ್ಲ. ಅವಳ ಬಟ್ಟೆಬರೆಯನ್ನೂ ಗಂಬೂಟನ್ನೂ ತಿಥಿಯ ದಿನ ಹೊಳೆಗೆ ಬಿಟ್ಟೆವು. ಅವಳ ಮಗಳು ಮೋಕ್ಷಿತಾಳಿಗೆ ಆಗ ಇನ್ನೂ ಮುಂದಿನ ಹಲ್ಲು ಬಿದ್ದಿರಲಿಲ್ಲ. ಆ ಮಗು ಈಗ ನನ್ನ ಹತ್ತಿರವೇ ಇದೆ.

ಈ ವರ್ಷದ ಪಿಕಿಂಗ್ ಶುರುವಾದ ದಿನವೇ ಅದೂ ಶುರುವಾಯಿತು. ತೋಟದಿಂದ ಬಂದವರು ಹಿಂಬಾಗಿಲ ಕಲ್ಲಿಗೆ ಬೂಟು ಬಡಿದು ಮಣ್ಣು ಉದುರಿಸಿಯೇ ಒಳಗೆ ಬರುವುದು, ನಮ್ಮಲ್ಲಿ ಎಲ್ಲರ ಅಭ್ಯಾಸ. ನಾನು ಕೆಲಸ ಮುಗಿಸಿ ಬಂದು ದೀಪ ಹಚ್ಚುತ್ತಿದ್ದೆ. ಹಿಂಬಾಗಿಲಲ್ಲಿ ಟಪ್ ಟಪ್ ಎಂದಿತು. ಪಕ್ಕದ ಮನೆಯವರಿರಬೇಕು ಎಂದುಕೊಂಡೆ. ಮೋಕ್ಷಿತಾ ಎದ್ದು ಓಡಿಹೋಗಿ ಚಿಲಕ ತೆಗೆದಳು. ಹೊರಗೆ ಯಾರೂ ಇಲ್ಲ. ಕಲ್ಲಿನ ಮೇಲೆ ಮಾತ್ರ ತೋಟದ ಕೆಂಪು ಮಣ್ಣು ಹಸಿಯಾಗಿ ಬಿದ್ದಿತ್ತು. ಮಳೆ ನಿಂತು ತಿಂಗಳುಗಳೇ ಆಗಿದ್ದವು.

"ಅಮ್ಮ ಬಂದೈತೆ" ಎಂದಳು ಮಗು.

ನಿಜ ಹೇಳುತ್ತೇನೆ, ಹೆದರಿಕೆಯ ಜೊತೆಗೆ ಸಂತೋಷವೂ ಆಯಿತು. ಹೆತ್ತ ಕರುಳಲ್ಲವೇ, ಸತ್ತವಳು ಬಂದಳೆಂದರೆ ಓಡಿಸುವ ಮನಸ್ಸು ಹೇಗೆ ಬಂದೀತು? ಬರಲಿ, ನೋಡಿಕೊಂಡು ಹೋಗಲಿ ಎಂದುಕೊಂಡು ಸುಮ್ಮನಾದೆ. ದಿನಾ ಸಂಜೆ ಟಪ್ ಟಪ್ ಎನ್ನುವುದು, ಮಗು ಬಾಗಿಲು ತೆಗೆಯುವುದು, ಗಾಳಿಯ ಜೊತೆ ಮಾತಾಡುವುದು, ಇದೇ ಆಯಿತು. ಬರಬರುತ್ತ ಮಗು ಉಣ್ಣುವುದು ಬಿಟ್ಟಿತು. ಅಮ್ಮನ ಜೊತೆ ಉಂಡೆ ಅನ್ನುತ್ತಿತ್ತು. ಕೈ ಹಿಡಿದರೆ ಬಳೆ ಮೊಣಕೈವರೆಗೂ ಜಾರುತ್ತಿತ್ತು.

ಒಂದು ಸಂಜೆ ಹಣ್ಣಿನ ತೂಕ ತಡವಾಯಿತು. ನಾನು ಬರುವಷ್ಟರಲ್ಲಿ ಹಿಂಬಾಗಿಲು ಹಾರುಹೊಡೆದಿತ್ತು. ಮಗು ಇಲ್ಲ. ಕೂಗಿಕೊಂಡು ತೋಟಕ್ಕೆ ನುಗ್ಗಿದೆ. ದೂರದಲ್ಲಿ ಅವಳ ಹಳದಿ ಫ್ರಾಕು ಕಾಣಿಸಿತು. ಒಂದು ಕೈ ಮೇಲೆತ್ತಿಕೊಂಡು, ದೊಡ್ಡವರ ಬೆರಳು ಹಿಡಿದವಳ ಹಾಗೆ, ತೋಟದ ಕೆರೆಯ ಕಡೆ ನಡೆಯುತ್ತಿದ್ದಳು. ಮಂಡಿನೋವನ್ನು ಮರೆತು ಓಡಿದೆ. ಹಿಡಿದಾಗ ಅವಳ ಮೊಣಕಾಲಿನವರೆಗೆ ನೀರಿತ್ತು.

"ಅಲ್ಲಿ ಹಣ್ಣು ಜಾಸ್ತಿ ಐತಂತೆ ಅಜ್ಜಿ. ಅಮ್ಮ ಕರ್ಕೊಂಡು ಹೋಗ್ತಿತ್ತು" ಎಂದು ಅತ್ತಳು.

ಅವತ್ತೇ ತೀರ್ಮಾನವಾಯಿತು. ಮಗಳನ್ನು ಕಳೆದುಕೊಂಡಾಗಿದೆ, ಮೊಮ್ಮಗಳನ್ನು ಬಿಟ್ಟುಕೊಡಲಾರೆ. ಇಬ್ಬರಲ್ಲಿ ಒಬ್ಬಳು ಈ ಮನೆಯಿಂದ ಹೋಗಲೇಬೇಕು, ಉಸಿರಾಡುವವಳು ಉಳಿಯಲಿ.

ಧರ್ಮೇಂದ್ರನಿಗೆ ಫೋನು ಮಾಡಿದೆ. ಅವನು ಅಳುತ್ತಲೇ, "ಅತ್ತೆ, ಇಲ್ಲಿ ಕೇರಳದಲ್ಲಿ ಮಂತ್ರವಾದಿಗಳವ್ರೆ, ಒಬ್ರನ್ನ ಕರ್ಕೊಂಡು ಬರ್ಲಾ?" ಎಂದ. ಬೇಡವೆಂದೆ. ದೆವ್ವಕ್ಕೆ ಬೈಗುಳಕ್ಕಿಂತ ದೊಡ್ಡ ಮಂತ್ರ ಯಾವುದಿದೆ? ನಮ್ಮ ಕಡೆ ಹುಟ್ಟಿದ ಮಕ್ಕಳಿಗೂ ಗೊತ್ತು, ದಾರಿಯಲ್ಲಿ ಅಂಥದ್ದು ಅಡ್ಡ ಬಂದರೆ ದೇವರ ನಾಮ ಹೇಳಬಾರದು, ಬಾಯಿಗೆ ಬಂದ ಹೊಲಸೆಲ್ಲ ಬೈಯಬೇಕು, ನಾಚಿ ಓಡುತ್ತದೆ. ಲೈನಿನ ಹಲಸಿನ ಮರದಲ್ಲಿ ಕೂತು ಎಲ್ಲರನ್ನೂ ಕಾಡುತ್ತಿದ್ದ ಒಂದನ್ನು ನಾನೇ ಓಡಿಸಿದ್ದೆ. ಜನ ಬಾಗಿಲು ಹಾಕಿಕೊಂಡು ಕಿವಿ ಮುಚ್ಚಿಕೊಂಡಿದ್ದರು, ದೆವ್ವಕ್ಕಲ್ಲ, ನನ್ನ ಬಾಯಿಗೆ.

ಮರುದಿನ ಸಂಜೆ ದೀಪ ಹಚ್ಚಲಿಲ್ಲ. ಕೈಯಲ್ಲಿ ಪೊರಕೆ ಹಿಡಿದು ಹಿಂಬಾಗಿಲಿಗೆ ಎದುರಾಗಿ ನಿಂತೆ. ಟಪ್ ಟಪ್ ಎಂದಿತು.

"ಯಾವಳೇ ಅವಳು, ಹಾಳಾದೋಳೆ! ನಿನ್ ಬಾಯಿಗೆ ಮಣ್ಣಾಕ! ಸತ್ರೂ ಬುದ್ಧಿ ಬರ್ಲಿಲ್ವೇನೆ ದರಿದ್ರ ಮುಂಡೇದೆ? ಹೆತ್ತ ಕೂಸ ಕೆರೆಗೆ ಎಳ್ಕೊಂಡು ಹೋಗ್ತೀಯಾ, ಎಕ್ಕುಟ್ಟೋದೋಳೆ, ಮೂದೇವಿ!" ಇಷ್ಟು ಮುನ್ನುಡಿ. ಆಮೇಲಿನದನ್ನು ಇಲ್ಲಿ ಹೇಳಲಾಗದು. ನನಗೆ ಗೊತ್ತಿರುವ ಹೊಲಸೆಲ್ಲ ಖರ್ಚಾಯಿತು. ಬೈಯುತ್ತ ಬೈಯುತ್ತ ಕಣ್ಣಲ್ಲಿ ನೀರು ಬಂತು, ಆದರೂ ಬಿಡಲಿಲ್ಲ. ಬೂಟಿನ ಸದ್ದು ನಿಂತಿತು. ಗೆದ್ದೆ ಎಂದುಕೊಂಡೆ.

ನನ್ನ ಹಿಂದೆ ಮೋಕ್ಷಿತಾ ಕಿಲಕಿಲ ನಕ್ಕಳು. "ಅಜ್ಜಿ, ಅಮ್ಮ ನಗ್ತೈತೆ. ಇವತ್ತು ನಿಮ್ಮಜ್ಜಿಗೆ ಬಾಳ ಸಿಟ್ಟು ಬಂದೈತೆ ಅಂತೈತೆ."

ಮಗು ನೋಡುತ್ತಿದ್ದದ್ದು ಬಾಗಿಲನ್ನಲ್ಲ, ಒಲೆಯ ಪಕ್ಕವನ್ನು. ಪವಿತ್ರಾ ಕೆಲಸದಿಂದ ಬಂದರೆ ಕೂರುತ್ತಿದ್ದ ಜಾಗ ಅದು. ನಾನು ಬೈದದ್ದಕ್ಕೆ ಅವಳು ಒಳಗೇ ಬಂದು ಕೂತಿದ್ದಳು! ಆ ರಾತ್ರಿ ಮಗುವನ್ನು ಸೆರಗಿಗೆ ಕಟ್ಟಿಕೊಂಡು ಮಲಗಿದೆ.

ಮರುದಿನ ಊಟದ ಹೊತ್ತಿಗೆ ತೋಟದಲ್ಲಿ ಬುತ್ತಿ ಬಿಚ್ಚದೆ ಕೂತಿದ್ದೆ. ಮುದ್ದಿ ಬಂದು ಪಕ್ಕದಲ್ಲಿ ಕೂತಳು. ಅವಳು ಜೇನುಕುರುಬರವಳು, ದೇವರಪುರದ ಕಡೆಯ ಹಾಡಿಯಿಂದ ಬಂದವಳು, ನನ್ನ ಗುಂಪಿನಲ್ಲಿ ನನಗೆ ತಿರುಗಿ ಬೈಯುವ ಧೈರ್ಯ ಇರುವವಳು ಈಗ ಅವಳೊಬ್ಬಳೇ. ನಡೆದದ್ದನ್ನು ಹೇಳಿದೆ. ಅವಳು ಬಾಯಲ್ಲಿದ್ದ ಎಲೆಅಡಿಕೆ ಉಗಿದು ನನ್ನನ್ನು ನೋಡಿ ನಕ್ಕಳು.

"ನಿಂಗೆ ತಲೆ ಇಲ್ಲ ಕಮಲಕ್ಕ. ಯಾರಾದ್ರೂ ಮಗಳನ್ನ ಬೈದು ಓಡಿಸ್ತಾರಾ?"

"ಮತ್ತೇನೆ ಮಾಡ್ಲಿ? ದೆವ್ವ ಬೈದ್ರೆ ತಾನೇ ಹೋಗೋದು?"

"ಊರವರ ದೆವ್ವ ಹೋಗ್ತದೆ. ನಿನ್ ದೆವ್ವ ಎಲ್ಲಿಗೆ ಹೋಗ್ತದೆ? ನಮ್ ಕುಂಡೆ ಹಬ್ಬ ನೋಡಿದ್ದೀಯಲ್ಲ, ದೇವರನ್ನೇ ಹೆಂಗೆ ಬೈತೀವಿ? ಬೇಟೆಗೆ ಕರ್ಕೊಂಡು ಹೋಗಿ, ನಮ್ಮನ್ನ ಕಾಡಲ್ಲೇ ಬಿಟ್ಟು ದೇವಿ ಹಿಂದೆ ಹೋದ ಅಂತ ಅವನಿಗೆ ಬೈಯದು. ಬಿಟ್ಟು ಹೋದ್ರೂ ನಮ್ಮೋನೇ, ಅದಕ್ಕೇ ಬಾಯಿಗೆ ಬಂದಂಗೆ ಬೈಯದು. ಬೇರೆಯವರ ದೇವರಿಗೆ ಬೈತೀವಾ? ಕೈ ಮುಗಿದು ದಾರಿ ಹಿಡೀತೀವಿ."

ಅಷ್ಟು ಹೇಳಿ ಅವಳು ತನ್ನ ಬುತ್ತಿ ಬಿಚ್ಚಿದಳು. ಹುಟ್ಟಿದಾಗಿನಿಂದ ಆ ಹುಡುಗಿಯನ್ನು ನಾನು ಮುಂಡೇದೆ ಎಂದೇ ಎಬ್ಬಿಸಿದ್ದೆ, ಹಾಳಾದೋಳೆ ಎಂದೇ ಉಣ್ಣಲು ಕರೆದಿದ್ದೆ. ಪೊರಕೆ ಹಿಡಿದು ನಾನು ಕೂಗಿದ್ದೆಲ್ಲ ಅವಳಿಗೆ ಊಟಕ್ಕೆ ಬಾ ಎಂದಂತೆಯೇ ಕೇಳಿಸಿರಬೇಕು. ಅವಳನ್ನು ಕಳಿಸುವುದಕ್ಕೆ ಏನು ಮಾಡಬೇಕೆಂದು ಆಗಲೇ ಹೊಳೆಯಿತು. ಹೊಳೆದದ್ದಕ್ಕೆ ನನ್ನನ್ನೇ ಬೈದುಕೊಂಡೆ.

ಆ ಸಂಜೆ ಬೇಗ ಬಂದೆ. ಸ್ನಾನ ಮಾಡಿ ಪೆಟ್ಟಿಗೆಯಲ್ಲಿದ್ದ ಒಳ್ಳೆಯ ಸೀರೆ ಉಟ್ಟೆ. ದೀಪ ಹಚ್ಚಿದೆ. ಒಂದು ಲೋಟ ನೀರು, ತಟ್ಟೆಯಲ್ಲಿ ಒಂದು ಅಚ್ಚು ಬೆಲ್ಲ ಇಟ್ಟೆ. ಕುರ್ಚಿಯನ್ನು ಒರೆಸಿ ಹಿಂಬಾಗಿಲ ಹತ್ತಿರ ಹಾಕಿದೆ. ನಮ್ಮ ಮನೆಯಲ್ಲಿ ಕುರ್ಚಿ ಹಾಕುವುದು ಜನಗಣತಿಯವರಿಗೆ, ಆಸ್ಪತ್ರೆಯ ನರ್ಸಮ್ಮನಿಗೆ. ಮೋಕ್ಷಿತಾ ನನ್ನನ್ನೇ ಪಿಳಿಪಿಳಿ ನೋಡುತ್ತ ಗೋಡೆಗೆ ಒರಗಿ ನಿಂತಿದ್ದಳು.

ಟಪ್ ಟಪ್. ನಾನೇ ಬಾಗಿಲು ತೆಗೆದೆ.

"ನಮಸ್ಕಾರ. ಯಾರು ಬೇಕಿತ್ತು ತಮಗೆ?" ಎಂದೆ.

ಸದ್ದು ಅರ್ಧಕ್ಕೆ ನಿಂತಿತು. ಒಂದು ಬೂಟು ಬಡಿದಿತ್ತು, ಇನ್ನೊಂದು ಬಡಿಯಲಿಲ್ಲ.

"ತಮ್ಮ ಗುರುತು ಸಿಗ್ಲಿಲ್ಲ. ತಪ್ಪು ತಿಳ್ಕೋಬೇಡಿ. ದೂರದಿಂದ ಬಂದಿರ್ತೀರಿ, ದಣಿವಾಗಿರ್ತದೆ. ಕುತ್ಕೊಳ್ಳಿ. ಬೆಲ್ಲ ಬಾಯಿಗೆ ಹಾಕ್ಕೊಂಡು ನೀರು ಕುಡೀರಿ."

ನನ್ನ ಸ್ವರ ನನಗೇ ಯಾರದೋ ಅನ್ನಿಸಿತು. ಆ ರೈಟರು ಹೀಗೇ ಮಾತಾಡುತ್ತಾನೆ. ಹೊರಗೆ ಗಾಳಿ ಇರಲಿಲ್ಲ, ಆದರೂ ಹೊಸ್ತಿಲ ಮೇಲಿಂದ ಕಾಲಿಗೆ ತಣ್ಣಗೆ ತಾಗಿತು. ಕಾಫಿ ಹಣ್ಣಿನ ಅಂಟು, ಬೆವರು, ಅವಳು ತಲೆಗೆ ಹಚ್ಚುತ್ತಿದ್ದ ಎಣ್ಣೆ, ಎಲ್ಲದರ ವಾಸನೆ ಒಟ್ಟಿಗೆ ಬಂತು. ಅವಳು ನನ್ನ ಎದುರಿಗೇ ಇದ್ದಳು. ತಿರುಗಿ ಒಂದು ಮಾತು ಅನ್ನೇ, ನನ್ನ ಬಾಯಿಗೆ ಯಾವ ದೆವ್ವ ಹೊಕ್ಕಿದೆ ಎಂದು ಕೇಳೇ ಎಂದು ಒಳಗೊಳಗೇ ಬೇಡಿಕೊಂಡೆ. ಕೇಳಿದ್ದರೆ ಅವಳನ್ನು ತಬ್ಬಿಕೊಂಡುಬಿಡುತ್ತಿದ್ದೆ.

"ಅಜ್ಜಿ" ಎಂದಳು ಮೋಕ್ಷಿತಾ ಸಣ್ಣ ಸ್ವರದಲ್ಲಿ, "ಅಮ್ಮ ಅಳ್ತೈತೆ."

ನಾನು ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡೆ. "ಇಲ್ಲಿ ನಾನು, ನನ್ನ ಮೊಮ್ಮಗಳು ಇಬ್ರೇ ಇರೋದು. ನಿಮ್ಮೋರು ಇಲ್ಲಿ ಯಾರೂ ಇಲ್ಲ. ಕತ್ತಲಾಗೋದ್ರೊಳಗೆ ತಾವು ಹೊರಡೋದು ಒಳ್ಳೇದು."

ಮನೆಗೆ ಬಂದವರಿಗೆ ಹೋಗಿ ಬನ್ನಿ ಎನ್ನಬೇಕು, ಬರಿದೇ ಹೋಗಿ ಎನ್ನಬಾರದು. ಬಾಯಿ ಹೊಲಸಾದರೂ ಅಷ್ಟು ರೀತಿ ನನಗೆ ಗೊತ್ತಿದೆ. ನಾಲಿಗೆ ತಾನಾಗಿ ಅದನ್ನೇ ಹೇಳಲು ಹೊರಟಿತು. ಹಲ್ಲು ಕಚ್ಚಿ ತಡೆದೆ.

"ಹೋಗಿ" ಎಂದೆ. ಕೈ ಮುಗಿದೆ.

ಮೆಟ್ಟಿಲಿಳಿದ ಸದ್ದು ಕೇಳಿಸಿತು. ತರಗೆಲೆಯ ಮೇಲೆ ನಡೆದ ಸದ್ದು ಸ್ವಲ್ಪ ದೂರ ಕೇಳಿಸಿತು, ನಡುವೆ ಒಂದು ಸಲ ನಿಂತಿತು. ಕರೆದುಬಿಡುತ್ತೇನೋ ಎಂದು ಬಾಯಿಗೆ ಸೆರಗು ತುರುಕಿಕೊಂಡೆ. ಆಮೇಲೆ ಸದ್ದು ಮುಂದಕ್ಕೆ ಸರಿದು ದೂರದಲ್ಲಿ ಅಡಗಿತು. ಬಾಗಿಲು ಹಾಕಿ ಚಿಲಕ ಏರಿಸಿದೆ.

ಮೋಕ್ಷಿತಾ ಗೋಡೆ ಬಿಟ್ಟು ಅಲುಗಿರಲಿಲ್ಲ. ನನಗೆ ಅಳಲು ಶಕ್ತಿ ಇರಲಿಲ್ಲ. ಒಲೆ ಹಚ್ಚಿ ಸಾರು ಬಿಸಿ ಮಾಡಿ ತಟ್ಟೆಗೆ ಅನ್ನ ಬಡಿಸಿದೆ. ಅವಳ ಮುಂದಿಟ್ಟು, ಗಂಟಲಲ್ಲಿ ಉಳಿದಿದ್ದಷ್ಟು ದನಿಯಲ್ಲಿ ಮೆಲ್ಲಗೆ, "ಊಟ ಮಾಡಮ್ಮ" ಎಂದೆ.

ಮಗು ತಟ್ಟೆ ಮುಟ್ಟಲಿಲ್ಲ. ನನ್ನ ಒಳ್ಳೆಯ ಸೀರೆಯನ್ನು, ಬಾಗಿಲ ಹತ್ತಿರವೇ ಇದ್ದ ಕುರ್ಚಿಯನ್ನು, ನನ್ನ ಮುಖವನ್ನು ನೋಡಿತು.

"ಅಜ್ಜಿ, ನನ್ನೂ ಕಳಿಸ್ತೀಯಾ?"

ಉಣ್ಣುವವರನ್ನು ಬೈಯಬಾರದು, ದೀಪದ ಮುಂದೆ ಬೈಯಬಾರದು, ಎಲ್ಲ ಗೊತ್ತಿತ್ತು. ಅವಳನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡೆ.

"ಲೇ ಮುಂಡೇದೆ! ಕತ್ತೆ! ನಿನ್ ಮೂತಿಗಿಷ್ಟು ಬೆಂಕಿ ಹಾಕ, ನಿನ್ನ ಎಲ್ಲಿಗೆ ಕಳಿಸ್ಲಿ? ಮುಚ್ಕೊಂಡು ತಿನ್ನೇ, ಹಾಳಾದೋಳೆ!"

ಅಳುತ್ತ ಬೈದೆ, ಬೈಯುತ್ತಲೇ ಇದ್ದೆ. ಮಗು ನನ್ನ ಬಾಯನ್ನೇ ನೋಡುತ್ತ ಅನ್ನ ಕಲಸಲು ಶುರುಮಾಡಿತು.