ಪುಸ್ತಕಕ್ಕೆ ಬಾರದ ಅಳತೆ

ಟೇಪು ನೂರ ಎಪ್ಪತ್ತೊಂಬತ್ತೂವರೆ ಸೆಂಟಿಮೀಟರ್ ದಾಟಿ ಒಂದು ಗೆರೆ ಮುಂದೆ ನಿಂತಿತ್ತು. ಬೈರಣ್ಣ ಪುಸ್ತಕದಲ್ಲಿ ನೂರ ಎಂಬತ್ತು ಎಂದು ಬರೆದು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡ. ಬಾಗಲಗುಂಟೆಯ ಮುನಿಕೆಂಪಮ್ಮನ ಹೊಸ ಮನೆಯಲ್ಲಿ ಈ ಎರಡು ಗೋಡೆಗಳ ನಡುವೆ ವಾರ್ಡ್‌ರೋಬಿನ ಮೂರು ಪೆಟ್ಟಿಗೆಗಳು ಕೂರಬೇಕಿತ್ತು.

ಅರ್ಧ ದಾಟಿದರೆ ಮೇಲಕ್ಕೆ, ದಾಟದಿದ್ದರೆ ಕೆಳಕ್ಕೆ ಸರಿಸಿ ಇಡೀ ಸೆಂಟಿಮೀಟರನ್ನಷ್ಟೇ ಬರೆಯುವುದು ದಾಸರಹಳ್ಳಿಯ ಅವರ ವರ್ಕ್‌ಶಾಪಿನ ಇಪ್ಪತ್ತು ವರ್ಷಗಳ ರೂಢಿ. ಚಿಲ್ಲರೆ ಮಿಲಿಮೀಟರುಗಳನ್ನು ಬೈರಣ್ಣ ಬಾಯಲ್ಲಿ ಹೇಳುತ್ತಿದ್ದ: ಇಲ್ಲಿ ಒಂಚೂರು ಕಮ್ಮಿ, ಅಲ್ಲಿ ಒಂಚೂರು ಜಾಸ್ತಿ. ಅವನನ್ನು ಕೇಳದೆ ಹಲಗೆ ಕತ್ತರಿಸುವ ಧೈರ್ಯ ಯಾರಿಗೂ ಇರಲಿಲ್ಲ. ಆ ಹೆಮ್ಮೆಯಲ್ಲೇ ಅವನ ತಲೆ ನರೆತಿತ್ತು.

ಈಗ ಕತ್ತರಿಸುವ ಲೆಕ್ಕ ದಾಕ್ಷಾಯಣಿಯದು. ಅವಳು ಕೆಲಸಕ್ಕೆ ಸೇರಿ ಇನ್ನೂ ಮೂರು ತಿಂಗಳು. ಮಾಲೀಕ ನಾಗಭೂಷಣ ಆಗಲೇ ಅವಳನ್ನು ಮೇಡಂ ಎನ್ನುತ್ತಿದ್ದ, ಬೈರಣ್ಣ ಕೂರುತ್ತಿದ್ದ ಕಿಟಕಿ ಪಕ್ಕದ ಮೇಜನ್ನೂ ಅವಳಿಗೇ ಕೊಟ್ಟಿದ್ದ. ಬೈರಣ್ಣನಿಗೆ ಹೊಟ್ಟೆ ಉರಿಯುತ್ತಿತ್ತು. ಅವಳ ದುಂಡು ಅಕ್ಷರ ಕಂಡರೂ ಉರಿ, ತನ್ನನ್ನು ಮರ್ಯಾದೆಯಿಂದ ಮಾತಾಡಿಸಿದರೆ ಇನ್ನಷ್ಟು ಉರಿ. ಹಾಗಾಗಿ ಅವತ್ತು ಪುಸ್ತಕ ಕೊಟ್ಟ, ಚಿಲ್ಲರೆ ಹೇಳಲಿಲ್ಲ. ಮೂರು ಅರವತ್ತಲಿ ನೂರ ಎಂಬತ್ತು ಅಂತ ಮಾಡಿಸಲಿ, ಮೂರನೇ ಪೆಟ್ಟಿಗೆ ಗೋಡೆಗೆ ಸಿಕ್ಕಿ ನಿಲ್ಲಲಿ, ನಾಗಭೂಷಣ ತನ್ನನ್ನೇ ಹುಡುಕಿಕೊಂಡು ಬರಲಿ.

ಜೋಡಿಸುವ ದಿನ ಅವನು ಎಲ್ಲರಿಗಿಂತ ಮೊದಲೇ ಹೋಗಿ ಬಾಗಿಲ ಬಳಿ ನಿಂತ. ಮೊದಲ ಎರಡು ಕೂತವು. ಕೆಲಸದವರು ಮೂರನೆಯದನ್ನು ತಳ್ಳುವಾಗ ಕತ್ತು ಚಾಚಿ ನೋಡಿದ. ಅದು ಸಲೀಸಾಗಿ ಒಳಗೆ ಸರಿದು, ಪಕ್ಕದಲ್ಲಿ ಬೆರಳಗಲ ಸಂದಿ ಉಳಿಯಿತು.

ಸಂದಿ ಯಾಕೆ ಬಿಟ್ಟಿದ್ದೀರಿ ಎಂದು ನಾಗಭೂಷಣ ಕೇಳಿದ.

"ನೂರ ಎಂಬತ್ತು ಅಂತ ಬರೆದಿದ್ರೂ ಗೋಡೆ ನೂರ ಎಪ್ಪತ್ತೊಂಬತ್ತೂವರೆ ಇರ್ಬಹುದು ಸಾರ್," ಎಂದಳು ದಾಕ್ಷಾಯಣಿ. "ಹಂಗೇ ಅರವತ್ತು ಅಂತ ಬರೆದು ಮಾಡಿಸಿದ ಪೆಟ್ಟಿಗೆ ಅರವತ್ತೂವರೆವರ್ಗೂ ಬರ್ಬಹುದು. ಗೋಡೆ ಎಷ್ಟು ಕಮ್ಮಿ ಇರ್ಬಹುದೋ ಅಷ್ಟು, ಪೆಟ್ಟಿಗೆ ಎಷ್ಟು ಜಾಸ್ತಿ ಆಗ್ಬಹುದೋ ಅಷ್ಟು ಅಂತ ಹಿಡ್ಕೊಂಡೆ. ಐವತ್ತೊಂಬತ್ತಕ್ಕೆ ಮಾಡಿಸಿದ್ರೆ ಮೂರೂ ಸೇರಿ ನೂರ ಎಪ್ಪತ್ತೆಂಟೂವರೆ ದಾಟಲ್ಲ."

ಮುನಿಕೆಂಪಮ್ಮ ಪೆಟ್ಟಿಗೆಯ ಮೈ ಸವರಿದಳು. "ಇಂಗೆ ಕೂತೈತಲ್ಲ, ಅಳ್ತೆ ಯಾರ್ ತಗಂಡಿದ್ದು?"

"ಬೈರಣ್ಣ ಅವ್ರು. ಸರಿಯಾಗೇ ಬರೆದಿದ್ರು," ಎಂದಳು ದಾಕ್ಷಾಯಣಿ.

ಬೈದಿದ್ದರೆ ಬೈರಣ್ಣ ತಡೆದುಕೊಳ್ಳುತ್ತಿದ್ದ. ಇಪ್ಪತ್ತು ವರ್ಷ ಬಾಯಲ್ಲಿಟ್ಟುಕೊಂಡು ಮೆರೆದ ಚಿಲ್ಲರೆ ಇವಳಿಗೆ ಬೇಕೇ ಆಗಿರಲಿಲ್ಲ.

ಸಂದಿ ಮುಚ್ಚಲು ಮರದ ಪಟ್ಟಿ ಹೊಡೆಯಬೇಕಿತ್ತು. ದಾಕ್ಷಾಯಣಿ ಟೇಪನ್ನು ಅವನ ಕೈಗೆ ಕೊಟ್ಟು ಪುಸ್ತಕ ತೆರೆದಳು. ಅವನು ಅಳೆದ.

"ಎರಡು."

ಅವಳು ಬರೆಯಲಿಲ್ಲ. ಪೆನ್ಸಿಲ್ ಹಿಡಿದು ಅವನ ಮುಖವನ್ನೇ ನೋಡುತ್ತ ಕಾದಳು.

"ಚಿಲ್ಲರೆ ಎಷ್ಟು, ಬೈರಣ್ಣ?" ಎಂದಳು, ಅವನಿಗಷ್ಟೇ ಕೇಳುವಂತೆ.

ಬೈರಣ್ಣ ಕನ್ನಡಕ ಸರಿಮಾಡಿಕೊಂಡು ಮತ್ತೆ ಸಂದಿಯ ಮುಂದೆ ಬಗ್ಗಿದ. "ಎರಡು ಮಿಲಿ," ಎಂದು ಗೋಡೆಗೆ ಹೇಳಿದ.